ಏಳನೆಯ ತರಗತಿಗೇ ನಿಂತವರ ನೆನಪು

ದಾವಣಗೆರೆ ಸೀಮೆಯ ಹಳ್ಳಿಯೊಂದರ ಓದುಗರು, ನಿವೃತ್ತ ಬ್ಯಾಂಕ್ ಅಧಿಕಾರಿ, ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರು 1974ರಲ್ಲಿ ತಮ್ಮೂರಿನ ಮಿಡ್ಲ್ ಸ್ಕೂಲಿನಲ್ಲಿ ಏಳನೆಯ ತರಗತಿ ಮುಗಿಸಿದವರು. ಪಬ್ಲಿಕ್ ಪರೀಕ್ಷೆಗೆ ಮುಂಚೆ ಮೇಷ್ಟ್ರು ಮಕ್ಕಳನ್ನು ರಾತ್ರಿ ಶಾಲೆಯಲ್ಲೇ ಮಲಗಿಸಿಕೊಂಡು ಲಾಟೀನಿನ ಬೆಳಕಿನಲ್ಲಿ ಓದಿಸಿದ್ದು, ಶನಿವಾರಗಳಂದು ಬೋರ್ಡಿಗೆ ಇದ್ದಿಲು ಮತ್ತು ತೊಂಡೆಸೊಪ್ಪು ತಿಕ್ಕಿದ್ದು, ಸ್ವಾತಂತ್ರ್ಯ ದಿನದ ಪೆಪ್ಪರಮೆಂಟು, ಲೆಕ್ಕ ತಪ್ಪಿದಾಗ ಬಿದ್ದ ಬೆತ್ತದೇಟು, ಕೊನೆಗೆ ತೆಗೆಸಿಕೊಂಡ ಗುಂಪು ಫೋಟೊ, ಎಲ್ಲವನ್ನೂ ಸೊಗಸಾಗಿ ನೆನೆದಿದ್ದಾರೆ. ಕಳೆದ ವರ್ಷ ಹಳೆಯ ಸಹಪಾಠಿಗಳು ಸೇರಿ ಗುರುವಂದನೆ ನಡೆಸಿದರಂತೆ. ‘ಈಗಿನ ಮಕ್ಕಳು ಊಟಕ್ಕೆ, ಹಾಲಿಗೆ, ಸೈಕಲ್ಲಿಗೆ ಶಾಲೆಗೆ ಬರುತ್ತಾರೆ, ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಮತ್ತೆ ತಂದರೆ ಮಾತ್ರ ಓದಿಗೆ ಬೆಲೆ ಬಂದೀತು’ ಎಂಬುದು ಅವರ ಅಭಿಪ್ರಾಯ. ಮಿಡ್ಲ್ ಸ್ಕೂಲಿನ ನೆನಪುಗಳಿಗಾಗಿ ಪತ್ರಿಕೆಯಲ್ಲಿ ಅಂಕಣವೊಂದನ್ನು ಆರಂಭಿಸಬೇಕೆಂಬುದು ಅವರ ಕೋರಿಕೆ.

ಮಾನ್ಯರೇ, ನಿಮ್ಮ ಬರಹದ ಕೈ ಚೆನ್ನಾಗಿದೆ. ಲಾಟೀನಿನ ಗಾಜನ್ನು ಬೂದಿಯಿಂದ ಉಜ್ಜುವ ಸರದಿ ಯಾರದೆಂದು ಹುಡುಗರು ಜಗಳವಾಡುತ್ತಿದ್ದ ಪ್ರಸಂಗವನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿ ನಕ್ಕಿದ್ದೇವೆ. ಸಂಜೆ ಮನೆಗೆ ಹೋಗದೆ, ಪೈಸೆಯನ್ನೂ ಪಡೆಯದೆ, ಪರರ ಮಕ್ಕಳನ್ನು ಪಾಸು ಮಾಡಿಸಲು ನಿದ್ದೆಗೆಟ್ಟ ಮೇಷ್ಟ್ರುಗಳು ಇದ್ದದ್ದು ನಿಜ. ಅವರ ಋಣ ದೊಡ್ಡದು. ಇಷ್ಟನ್ನು ಒಪ್ಪಿಕೊಂಡ ಮೇಲೆ, ನೀವು ಬರೆದು ಮುಂದೆ ಹೋದ, ಆದರೆ ನಾನು ದಾಟಿ ಹೋಗಲಾರದ ಒಂದು ವಾಕ್ಯದ ಬಳಿ ನಿಲ್ಲುತ್ತೇನೆ. ‘38 ಮಂದಿಯಲ್ಲಿ 14 ಮಂದಿ ಬಂದಿದ್ದೆವು, ಉಳಿದವರ ಪತ್ತೆಯಾಗಲಿಲ್ಲ’ ಎಂದಿದ್ದೀರಿ. ಬಂದ 14 ಮಂದಿಯ ಹೆಸರು, ಹುದ್ದೆ, ಈಗಿರುವ ಊರು ಎಲ್ಲವೂ ಪತ್ರದಲ್ಲಿವೆ. ಬಾರದ 24 ಮಂದಿಗೆ ಅರ್ಧ ವಾಕ್ಯ ಸಾಕಾಯಿತೇ? ಅವರಲ್ಲಿ ಕೆಲವರಾದರೂ ನಿಮ್ಮ ಊರಿನಲ್ಲೋ ಪಕ್ಕದ ಊರಿನಲ್ಲೋ ಇರಬೇಕು. ಮಂಡಕ್ಕಿ ಭಟ್ಟಿಯಲ್ಲಿ, ಹೊಲದಲ್ಲಿ, ಮದುವೆಯಾಗಿ ಹೋದ ಮನೆಯ ಅಡುಗೆ ಕೋಣೆಯಲ್ಲಿ ಇರುವವರನ್ನು ಫೋನ್ ನಂಬರ್ ಇಲ್ಲದ ಮಾತ್ರಕ್ಕೆ ಪತ್ತೆಯಿಲ್ಲದವರೆಂದು ಬರೆಯಬಾರದು.

ಶಾಲೆಯ ನೆನಪುಗಳನ್ನು ಬರೆಯುವವರೆಲ್ಲ ಶಾಲೆಯನ್ನು ದಾಟಿ ಮುಂದೆ ಹೋದವರೇ ಎಂಬುದು ನನ್ನ ಹಳೆಯ ತಕರಾರು. ಶತಮಾನೋತ್ಸವ ಆಚರಿಸುವ ಶಾಲೆಗಳ ಸ್ಮರಣ ಸಂಚಿಕೆಗಳು ನಮ್ಮ ಕಚೇರಿಗೆ ಬರುತ್ತಲೇ ಇರುತ್ತವೆ. ವೈದ್ಯರಾದವರು, ಎಂಜಿನಿಯರಾದವರು, ವಿದೇಶಕ್ಕೆ ಹೋದವರು, ತಪ್ಪಿದರೆ ತಹಶೀಲ್ದಾರರಾದವರು ಅಲ್ಲಿ ಭಾವಚಿತ್ರದೊಡನೆ ಬರೆಯುತ್ತಾರೆ, ಮತ್ತು ಎಲ್ಲರಿಗೂ ಬೆತ್ತದೇಟು ಸಿಹಿಯಾಗಿಯೇ ನೆನಪಿರುತ್ತದೆ. ಅದೇ ಬೆತ್ತಕ್ಕೆ ಹೆದರಿ ಹುಣಸೆ ತೋಪಿನಲ್ಲಿ ಅಡಗಿ ಕುಳಿತು, ಕ್ರಮೇಣ ಶಾಲೆಯ ಕಡೆ ತಲೆ ಹಾಕದೇ ಹೋದ ಹುಡುಗನಿಗೆ ಸ್ಮರಣ ಸಂಚಿಕೆಯವರು ಲೇಖನ ಕೇಳುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದಾಗ ‘ಏಟು ತಿಂದೇ ನಾವು ಮನುಷ್ಯರಾದದ್ದು’ ಎಂದು ನಕ್ಕವರು ನಮ್ಮ ಓದುಗರಲ್ಲೇ ಹಲವರಿದ್ದರು. ಏಟು ತಿಂದೂ ಏನೂ ಆಗದೇ ಹೋದವರನ್ನು ಅವರು ಎಣಿಕೆಗೆ ತೆಗೆದುಕೊಂಡೇ ಇರಲಿಲ್ಲ.

ನನ್ನ ಪರಿಚಯದ ಮುಖ್ಯೋಪಾಧ್ಯಾಯರೊಬ್ಬರು ಒಮ್ಮೆ ತಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟಿದ್ದರು. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನಾಂಕ ಇವೆಲ್ಲ ಆದ ಮೇಲೆ, ಶಾಲೆ ಬಿಟ್ಟ ಕಾರಣಕ್ಕೆಂದು ಅದರಲ್ಲಿ ಒಂದು ಕಿರಿದಾದ ಅಂಕಣವಿತ್ತು. ‘ಪೋಷಕರ ಇಚ್ಛೆ’, ‘ದೀರ್ಘ ಗೈರುಹಾಜರಿ’, ‘ಊರು ಬಿಟ್ಟಿದ್ದಾರೆ’ ಎಂಬ ಮೂರೇ ಮಾತುಗಳು ಪುಟದಿಂದ ಪುಟಕ್ಕೆ ಮರಳಿ ಬರುತ್ತಿದ್ದವು. ಹೆಣ್ಣುಮಕ್ಕಳ ಹೆಸರಿನ ಮುಂದೆ ಹೆಚ್ಚಾಗಿ ಇದ್ದದ್ದು ಮೊದಲನೆಯದು. ತನ್ನ ಇಚ್ಛೆ ಏನಿತ್ತೆಂದು ಬರೆಯಲು ಹುಡುಗಿಗೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ. ನನ್ನ ಮಟ್ಟಿಗೆ ಆ ಕಿರಿದಾದ ಅಂಕಣದ ಮುಂದೆ ಯಾವ ಸ್ಮರಣ ಸಂಚಿಕೆಯೂ ನಿಲ್ಲುವುದಿಲ್ಲ.

ಪಬ್ಲಿಕ್ ಪರೀಕ್ಷೆಯನ್ನು ಮತ್ತೆ ತರಬೇಕೆಂಬ ನಿಮ್ಮ ಒತ್ತಾಯಕ್ಕೆ ಬರೋಣ. ನಿಮ್ಮ ಹಿರಿಯರ ಕಾಲದಲ್ಲಿ ಅದಕ್ಕೆ ಒಂದು ಅರ್ಥವಿತ್ತು. ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಏಳನೆಯ ಇಯತ್ತೆಯ (ತರಗತಿಯ) ಮುಲ್ಕಿ ಪರೀಕ್ಷೆ ಪಾಸಾದವರಿಗೆ ಮಾಸ್ತರಿಕೆಯೋ ತಲಾಠಿಯ (ಗ್ರಾಮ ಲೆಕ್ಕಿಗನ) ಕೆಲಸವೋ ಸಿಗುವ ಕಾಲವೊಂದಿತ್ತು. ಹಳೆಯ ಮೈಸೂರಿನಲ್ಲಿ ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆಗೆ, ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಎಂಟನೆಯ ತರಗತಿಯ ಇ.ಎಸ್.ಎಲ್.ಸಿ. (ಎಲಿಮೆಂಟರಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್) ಪರೀಕ್ಷೆಗೆ ಅಂಥದ್ದೇ ಮರ್ಯಾದೆ ಇತ್ತು. ಪಾಸಾದವನಿಗೆ ಮುಂದೆ ಒಂದು ಬಾಗಿಲು ತೆರೆಯುತ್ತಿತ್ತು. ಆದರೆ ನೀವು ಪರೀಕ್ಷೆಗೆ ಕೂರುವ ಹೊತ್ತಿಗೆ ಏಳನೆಯ ತರಗತಿಯ ಸರ್ಟಿಫಿಕೇಟಿನಿಂದ ಸಿಗುವ ಕೆಲಸ ಹೆಚ್ಚೇನೂ ಉಳಿದಿರಲಿಲ್ಲ. ಪಾಸಾದವರು ಹೈಸ್ಕೂಲಿಗೆ ಹೋದರು. ಫೇಲಾದವರ ಪೈಕಿ ಗಂಡುಹುಡುಗರು ಇನ್ನೊಮ್ಮೆ ಕಟ್ಟಿದರೇನೋ, ಹೆಣ್ಣುಮಕ್ಕಳ ಮಟ್ಟಿಗೆ ಮನೆಯಲ್ಲಿ ‘ಓದಿದ್ದು ಸಾಕು’ ಎನ್ನಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಸೋತ ಹನ್ನೆರಡು ವರ್ಷದ ಮಗುವಿಗೆ ಮುಂದೇನು ಎಂಬ ಪ್ರಶ್ನೆಗೆ ಆ ಪರೀಕ್ಷೆ ಉತ್ತರವನ್ನೇ ಇಟ್ಟುಕೊಂಡಿರಲಿಲ್ಲ. ಈಚೆಗೆ 2023 ಮತ್ತು 2024ರಲ್ಲಿ ಐದನೆಯ, ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ಬೇಕೋ ಬೇಡವೋ ಎಂಬುದು ನ್ಯಾಯಾಲಯಗಳ ಮೆಟ್ಟಿಲೇರಿದಾಗಲೂ ಚರ್ಚೆಯೆಲ್ಲ ‘ಗುಣಮಟ್ಟ’ದ ಸುತ್ತಲೇ ನಡೆಯಿತು. ಹಿಂದೆ ಬಿದ್ದ ಮಗುವಿಗೆ ಮಾರನೆಯ ದಿನ ಯಾರು ಕೂತು ಪಾಠ ಹೇಳಬೇಕು ಎಂದು ಕೇಳಿದವರ ದನಿ ಕ್ಷೀಣವಾಗಿತ್ತು.

ಈಗ ಸೈಕಲ್ಲಿನ ಮಾತು. ಇದರಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಬೇಕಾಗಿದೆ. ನಿಮ್ಮ ಹಳ್ಳಿಯಲ್ಲಿ ಏಳರವರೆಗೆ ಮಾತ್ರ ಶಾಲೆ ಇತ್ತೆಂದೂ ಹೈಸ್ಕೂಲಿಗೆ ಎಂಟು ಮೈಲಿ ದೂರ ಹೋಗಬೇಕಿತ್ತೆಂದೂ ನೀವೇ ಬರೆದಿದ್ದೀರಿ. ನಿಮ್ಮ ತಂದೆ ನಿಮ್ಮನ್ನು ದಾವಣಗೆರೆಯ ಹಾಸ್ಟೆಲಿಗೆ ಸೇರಿಸಿದರು. ಕುವೆಂಪು ತೀರ್ಥಹಳ್ಳಿಯ ಎ.ವಿ. (ಆಂಗ್ಲೋ ವರ್ನಾಕ್ಯುಲರ್) ಸ್ಕೂಲಿನ ದಿನಗಳನ್ನು ನೆನೆದು ಬರೆಯುವುದು ಸಾಧ್ಯವಾದದ್ದೂ ಕುಪ್ಪಳಿಯ ದೊಡ್ಡ ಮನೆ ಹುಡುಗರನ್ನು ಪೇಟೆಯಲ್ಲಿ ಇರಿಸಿ ಓದಿಸುವಷ್ಟು ಅನುಕೂಲವಾಗಿದ್ದುದರಿಂದ. ಅಂಥ ಮನೆಯಿಲ್ಲದ, ಅದರಲ್ಲೂ ಹೆಣ್ಣಾಗಿ ಹುಟ್ಟಿದ ಮಗುವಿಗೆ ಎಂಟು ಮೈಲಿ ಎಂದರೆ ಓದಿನ ಕೊನೆ ಎಂದೇ ಅರ್ಥ. 2006-07ರಲ್ಲಿ ಆರಂಭವಾದ ಸೈಕಲ್ ಯೋಜನೆ ಎಂಟನೆಯ ತರಗತಿಯ ಮಕ್ಕಳನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ದಾರಿ ಕಡಿದುಹೋಗುತ್ತಿದ್ದುದೇ ಏಳು ಮತ್ತು ಎಂಟರ ನಡುವೆ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವಾಗಲಿ, 2013ರ ಕ್ಷೀರಭಾಗ್ಯವಾಗಲಿ ಮಕ್ಕಳಿಗೆ ಹಾಕಿದ ಭಿಕ್ಷೆಯಲ್ಲ. ಊಟಕ್ಕಾಗಿ ಶಾಲೆಗೆ ಬಂದ ಮಗು ಶಾಲೆಗೆ ಬಂದಿತು ಎಂಬುದೇ ನನಗೆ ಸಾಕು. ನಿಮ್ಮ ಪತ್ರದ ಪ್ರಕಾರ, ಮಧ್ಯಾಹ್ನದ ಗಂಟೆಯಾದ ಮೇಲೆ ಬುತ್ತಿಯಿಲ್ಲದವರು ‘ಬಾವಿಯ ಕಡೆ ಆಟಕ್ಕೆ ಹೋಗುತ್ತಿದ್ದರು’. ಆಟಕ್ಕೇ ಹೋಗುತ್ತಿದ್ದರೇ? ದಯವಿಟ್ಟು ಇನ್ನೊಮ್ಮೆ ನೆನಪಿಸಿಕೊಳ್ಳಿ.

ಅಂಬೇಡ್ಕರ್ ತಮ್ಮ ಬಾಲ್ಯದ ಸಾತಾರಾ ಶಾಲೆಯನ್ನು ನೆನೆದು ಬರೆದ ಕೆಲವು ಪುಟಗಳಿವೆ. ಅವರಿಗೆ ಕೂರಲು ತರಗತಿಯ ಮೂಲೆಯಲ್ಲಿ ಬೇರೆಯದೇ ಗೋಣಿಚೀಲ. ಶಾಲೆಯ ಜವಾನ ಅದನ್ನು ಮುಟ್ಟದ ಕಾರಣ ದಿನವೂ ಸಂಜೆ ಅದನ್ನು ಮನೆಗೆ ಹೊತ್ತೊಯ್ದು ಬೆಳಗ್ಗೆ ತರಬೇಕಿತ್ತು. ಜವಾನ ಬಂದು ಎತ್ತಿ ಹೊಯ್ದರೆ ನೀರು, ಬಾರದಿದ್ದರೆ ಬಾಯಾರಿಕೆ. ನಮ್ಮಲ್ಲಿ ದಲಿತ ಲೇಖಕ ಅರವಿಂದ ಮಾಲಗತ್ತಿಯವರ ಆತ್ಮಕಥನ ಬಂದದ್ದು 1994ರಲ್ಲಿ. ಮುದ್ದೇಬಿಹಾಳ ಸೀಮೆಯ ಶಾಲೆಯ ದಿನಗಳಲ್ಲಿ ಉಂಡ ಅವಮಾನ ಅಲ್ಲಿ ದಾಖಲಾಗಿದೆ. ಕನ್ನಡದಲ್ಲಿ ಮುದ್ದುಮುದ್ದಾದ ಬಾಲ್ಯದ ಪ್ರಬಂಧಗಳು ಅಚ್ಚಾಗುತ್ತ ಎಷ್ಟು ದಶಕ ಕಳೆದ ಮೇಲೆ ಇಂಥ ಪುಸ್ತಕ ಬಂತೆಂಬುದನ್ನು ನಮ್ಮ ಪತ್ರಿಕೆಗಳ ಸಂಪಾದಕರು, ನನ್ನನ್ನೂ ಸೇರಿಸಿ, ಯೋಚಿಸಬೇಕು. ಮಧುರವಾದ ನೆನಪಿಗೆ ನಾವು ಯಾವತ್ತೂ ಮೊದಲ ಪುಟ ಕೊಟ್ಟೆವು.

ಇದೆಲ್ಲದರ ಜೊತೆಗೆ ಇನ್ನೊಂದು ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ಗುರುವಂದನೆಗೆಂದು ಊರಿಗೆ ಬಂದು, ಶಾಲು ಹೊದಿಸಿ, ಹಳೆಯ ಕೊಠಡಿಯ ಮುಂದೆ ಫೋಟೊ ತೆಗೆಸಿಕೊಂಡು ‘ಅಂಥ ಶಾಲೆ ಈಗೆಲ್ಲಿ’ ಎಂದು ನಿಟ್ಟುಸಿರು ಬಿಡುವವರಲ್ಲಿ ಬಹುಮಂದಿ ತಮ್ಮ ಮಕ್ಕಳನ್ನು ಒಂದು ದಿನಕ್ಕೂ ಆ ಬಗೆಯ ಶಾಲೆಗೆ ಕಳಿಸಿದವರಲ್ಲ. ಶಾಲೆ ಅಲ್ಲಿಯೇ ಇದೆ. ಈಗ ಅದರಲ್ಲಿ ಓದುತ್ತಿರುವವರು ನಿಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಕೂತಿದ್ದವರ ಮೊಮ್ಮಕ್ಕಳು. ಅವರಿಗೆ ಗಣಿತದ ಶಿಕ್ಷಕರಿದ್ದಾರೆಯೇ, ಹುಡುಗಿಯರ ಶೌಚಾಲಯದಲ್ಲಿ ನೀರಿದೆಯೇ ಎಂದು ಸಮಾರಂಭದ ದಿನ ಯಾರಾದರೂ ಕೇಳಿದರೋ ಇಲ್ಲವೋ ಎಂಬುದು ನಿಮ್ಮ ಪತ್ರದಲ್ಲಿ ಇಲ್ಲ.

ನೀವು ಕೇಳಿದ ಅಂಕಣವನ್ನು ಬರುವ ಸಂಚಿಕೆಯಿಂದಲೇ ಆರಂಭಿಸುತ್ತೇವೆ, ಆದರೆ ಒಂದು ಷರತ್ತಿನ ಮೇಲೆ. ಬರೆಯುವವರು ತಮ್ಮ ನೆನಪನ್ನು ಬರೆಯುವಂತಿಲ್ಲ. ತಮ್ಮ ಜೊತೆ ಓದಿ, ಏಳನೆಯ ತರಗತಿಗೋ ಅದಕ್ಕೂ ಮುಂಚೆಯೋ ಶಾಲೆ ಬಿಟ್ಟ ಒಬ್ಬರನ್ನು ಹುಡುಕಿ, ಅವರೆದುರು ಕೂತು, ಅವರಿಗೆ ಆ ಶಾಲೆಯದೇನು ನೆನಪಿದೆಯೆಂದು ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದು ಕಳುಹಿಸಬೇಕು. ಹೆಸರು ಬೇಡವೆಂದರೆ ಹಾಕುವುದಿಲ್ಲ. ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಹುಡುಗಿ, ಮೇಷ್ಟ್ರಿಗಿಂತ ಬೇಗ ಬಡ್ಡಿಯ ಲೆಕ್ಕ ಮಾಡುತ್ತಿದ್ದವಳು, ಮೊದಲು ಅವರ ಮನೆಗೇ ಹೋಗಿ. ಈಗ ಅವರನ್ನು ಏಕವಚನದಲ್ಲಿ ಕರೆಯಬೇಡಿ. ಲೇಖನ ಎರಡು ಪುಟ ಮೀರದಿರಲಿ, ಕೈಬರಹವಾದರೂ ಅಡ್ಡಿಯಿಲ್ಲ. ಗೌರವಧನ ಬರೆದವರಿಗಲ್ಲ, ಹೇಳಿದವರಿಗೆ. ಆದ್ದರಿಂದ ಅವರ ವಿಳಾಸವನ್ನು ಸ್ಪಷ್ಟವಾಗಿ ಬರೆಯಿರಿ.

– ಸಂಪಾದಕ