ಮುಂದಿನ ಸೀಟಿನವರಲ್ಲ, ಮೇಷ್ಟ್ರೇ

ಉಡುಪಿಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಮಗಳ ಮನೆಗೆಂದು ಮಂಗಳೂರಿನಿಂದ ದುಬೈಗೆ ಕಡಿಮೆ ದರದ ವಿಮಾನದಲ್ಲಿ ಹೋಗಿದ್ದಾರೆ. ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಎರಡು ಬೆರಳಿನ ಜಾಗ. ಅದರ ಮೇಲೆ ಮುಂದಿದ್ದ ಯುವಕ ಸೀಟು ಹಿಂದಕ್ಕೆ ಬಾಗಿಸಿದ, ಮಾತಿಗೆ ಮಾತು ಬೆಳೆಯಿತು. ಸೀಟು ಬಾಗಿಸುವುದನ್ನೇ ನಿಷೇಧಿಸಬೇಕು, ಈಗಿನವರಿಗೆ ಸೌಜನ್ಯವಿಲ್ಲ ಎಂಬುದು ಅವರ ಅಹವಾಲು.

ಮೇಷ್ಟ್ರೇ, ನಿಮ್ಮ ಕಾಲುನೋವು ನಿಜ. ಆದರೆ ಇದು ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತಾಯಿತು. ಸೀಟಿನ ಬೆನ್ನು ಬಾಗುವುದು ಬುಡದ ತಿರುಗಣಿಯ ಮೇಲೆ. ಹಾಗಾಗಿ ನಿಮ್ಮ ಮುಖದ ಎದುರು ಅದು ಎರಡು ಮೂರು ಇಂಚು ಹತ್ತಿರ ಬಂದರೂ, ಮೊಣಕಾಲಿನ ಮಟ್ಟದಲ್ಲಿ ಅಷ್ಟಾಗಿ ಅಲುಗುವುದಿಲ್ಲ. ನಿಮ್ಮ ಜಾಗ ನೀವಿಬ್ಬರೂ ವಿಮಾನ ಹತ್ತುವ ಮೊದಲೇ ಹೋಗಿತ್ತು.

ಹೇಗೆ ಹೋಯಿತು ನೋಡಿ. ಒಂದು ಸೀಟಿನ ಯಾವುದಾದರೂ ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರವನ್ನು ಪಿಚ್ ಅನ್ನುತ್ತಾರೆ. ಕಡಿಮೆ ದರದ ವಿಮಾನಗಳಲ್ಲಿ ಅದು 28ರಿಂದ 30 ಇಂಚು. ಏರ್‌ಬಸ್ ಎ320ರಲ್ಲಿ ಆರಾರು ಸೀಟಿನ 30 ಸಾಲು ಹಾಕಿದರೆ 180 ಜನ. ಪ್ರತಿ ಸಾಲಿನಿಂದ ಒಂದೊಂದು ಇಂಚು ತೆಗೆದರೆ ಸುಮಾರು 30 ಇಂಚು ಸಿಕ್ಕಿತು, ಅಂದರೆ ಇನ್ನೊಂದು ಸಾಲು, ಇನ್ನಾರು ಟಿಕೆಟ್. ಹಿಂಬದಿಯ ಶೌಚಾಲಯ, ಅಡುಗೆ ಜಾಗವನ್ನೂ ಒತ್ತೊತ್ತಾಗಿ ಜೋಡಿಸಿ ಇಂಡಿಗೊ ಎ320 ನಿಯೋದಲ್ಲಿ 186 ಸೀಟು ಕೂರಿಸಿತು. ಐವತ್ತು ಸೀಟಿಗೆ ಒಬ್ಬರಂತೆ ಸಿಬ್ಬಂದಿ ಇರಬೇಕೆಂಬುದು ನಿಯಮ. 180 ಇದ್ದರೂ ನಾಲ್ವರು, 200 ಇದ್ದರೂ ನಾಲ್ವರು. ಆ ಸಾಲಿಗೆ ಹೆಚ್ಚುವರಿ ಸಂಬಳದ ಖರ್ಚೂ ಇಲ್ಲ.

ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ಹಾರಾಟ ಶುರುಮಾಡದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ವಿಮಾನ ಹತ್ತುತ್ತಲೇ ಇರಲಿಲ್ಲ. ತೆಳುಬೆನ್ನಿನ ಹೊಸ ಸೀಟುಗಳು ಕಳೆದ ಇಂಚುಗಳಲ್ಲಿ ಒಂದೆರಡನ್ನು ಹಿಂದಿರುಗಿಸಿರುವುದೂ ನಿಜ.

ಆದರೆ ಈ ಪ್ರಶ್ನೆ ಬರೀ ಆರಾಮದ್ದಲ್ಲ. 1985ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನೆಲ ಬಿಡುವ ಮೊದಲೇ ವಿಮಾನವೊಂದಕ್ಕೆ ಬೆಂಕಿ ಬಿತ್ತು. 55 ಮಂದಿ ತೀರಿಕೊಂಡರು, ಹೆಚ್ಚಿನವರು ಹೊಗೆ ಕುಡಿದು. ಆಮೇಲೆ ಬ್ರಿಟನ್ ತುರ್ತು ಬಾಗಿಲುಗಳ ಬಳಿಯ ಜಾಗ ಹೆಚ್ಚಿಸಿತು. 1989ರಲ್ಲಿ ನಿಮ್ಮ ಬೆನ್ನೊರಗಿನಿಂದ ಮುಂದಿನ ಸೀಟಿನ ಹಿಂಬದಿಗೆ ಕನಿಷ್ಠ 26 ಇಂಚು ಇರಲೇಬೇಕೆಂದು ಗೊತ್ತುಮಾಡಿತು. 28 ಇಂಚಿನ ಪಿಚ್‌ನಲ್ಲಿ ಸೀಟಿನ ಬೆನ್ನಿಗೆ ಎರಡು ಇಂಚು ಕಳೆದರೆ ಉಳಿಯುವುದು ಸರಿಯಾಗಿ ಅಷ್ಟೇ.

ಬಾಗಿಲುಗಳಲ್ಲಿ ಅರ್ಧದಷ್ಟು ಮುಚ್ಚಿದ್ದರೂ, ಕತ್ತಲಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬೇಕೆಂಬುದು ವಿಮಾನಕ್ಕೆ ಮಂಜೂರಾತಿ ಕೊಡುವಾಗಿನ ಷರತ್ತು. ಸೀಟಿನ ಕನಿಷ್ಠ ಅಳತೆಯನ್ನು ಒಂದು ವರ್ಷದೊಳಗೆ ನಿಗದಿಪಡಿಸಿ ಎಂದು ಅಮೆರಿಕದ ಸಂಸತ್ತು 2018ರಲ್ಲೇ ಕಾನೂನು ಮಾಡಿತು. ಅಲ್ಲಿನ ವಿಮಾನಯಾನ ಆಡಳಿತ ಒಕ್ಲಹಾಮಾ ಸಿಟಿಯಲ್ಲಿ 720 ಜನರನ್ನು ಕೂರಿಸಿ ಪರೀಕ್ಷೆ ನಡೆಸಿ, 28 ಇಂಚಿದ್ದರೂ ಅಡ್ಡಿಯಿಲ್ಲ ಎಂದಿತು. ಆ 720ರಲ್ಲಿ ಮಕ್ಕಳಿಲ್ಲ, ಅರುವತ್ತು ದಾಟಿದವರಿಲ್ಲ, ಊರುಗೋಲಿನವರಿಲ್ಲ. ನೀವು ಆ ಲೆಕ್ಕದಲ್ಲೇ ಇಲ್ಲ ಮೇಷ್ಟ್ರೇ! ದುಬೈ ವಿಮಾನ ತುಂಬುವುದೇ ಮಕ್ಕಳನ್ನು ನೋಡಲು ಹೊರಟ ನಿಮ್ಮಂಥ ತಂದೆತಾಯಿಗಳಿಂದ, ಕಂಕುಳ ಕೂಸುಗಳಿಂದ.

ಕಾಲಿನ ರಕ್ತ ಹೆಪ್ಪುಗಟ್ಟುವ ವಿಚಾರವೂ ಇದೆ. ನಾಲ್ಕು ಗಂಟೆಗೂ ಮಿಕ್ಕಿ ಅಲುಗದೆ ಕುಳಿತು ಪ್ರಯಾಣಿಸಿದರೆ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವರದಿ ಮಾಡಿತು. ಬಸ್ಸು, ರೈಲಿಗೂ ಈ ಮಾತು ಅನ್ವಯ. ರೈಲಾದರೆ ಎದ್ದು ಓಡಾಡಬಹುದು, ಬಸ್ಸಾದರೆ ಇಳಿದು ಚಹಾ ಕುಡಿಯಬಹುದು.

ನನಗೆ ಸಂಕಟವಾಗುವುದು ಇಲ್ಲಿ. ನಮ್ಮ ದೇಶದಲ್ಲಿ ಬಸ್ಸಿನ ಸೀಟು ಎಷ್ಟು ಅಗಲ, ಎಷ್ಟು ಅಂತರ ಇರಬೇಕೆಂದು ಬಸ್ ಬಾಡಿ ಕೋಡ್ ಹೇಳುತ್ತದೆ. ಬಿಸ್ಕತ್ ಪೊಟ್ಟಣದ ಮೇಲೆ ತೂಕ ಮುದ್ರಿಸಲೇಬೇಕು. ಬೆಂಗಳೂರಿನ ಬಿಲ್ಡರುಗಳು ಗೋಡೆ, ಮೆಟ್ಟಿಲು, ಲಿಫ್ಟನ್ನೆಲ್ಲ ಸೇರಿಸಿ ಚದರಡಿ ಮಾರುತ್ತಿದ್ದ ಕಾಲಕ್ಕೆ 2016ರ ರೇರಾ ಕಾಯ್ದೆ ಕಡಿವಾಣ ಹಾಕಿ, ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ, ಹೇಳಿ ಎಂದಿತು. ವಿಮಾನದ ಟಿಕೆಟ್ಟಿನಲ್ಲಿ ಬ್ಯಾಗಿನ ಕಿಲೋ ಇದೆ, ತೆರಿಗೆಯ ಪೈಸೆ ಇದೆ, ಕೂರುವ ಜಾಗದ ಇಂಚು ಮಾತ್ರ ಇಲ್ಲ. ಕೊಳ್ಳುವವನಿಗೆ ಅಳತೆ ಹೇಳದೆ ಮಾರುವ ಈ ಚಾಳಿ ಆಸ್ಪತ್ರೆಯ ಬಿಲ್ಲಿನಿಂದ ಶಾಲೆಯ ಶುಲ್ಕದವರೆಗೂ ಹಬ್ಬಿದೆ, ನಾವೂ ಅಕ್ಕಪಕ್ಕದವರೊಡನೆ ಜಗಳವಾಡಿ ಸುಮ್ಮನಾಗುತ್ತೇವೆ.

ಮುಂದಿನ ಸಲಕ್ಕೆ ಕೆಲವು ಉಪಾಯ. ಗೋಡೆಗೆ ಬೆನ್ನು ಒತ್ತಿ ಕುರ್ಚಿಯಲ್ಲಿ ಕೂತು, ಗೋಡೆಯಿಂದ ಮಂಡಿಚಿಪ್ಪಿನ ತುದಿವರೆಗೆ ಅಳೆಯಿರಿ. 60 ಸೆಂಟಿಮೀಟರ್ ದಾಟಿದರೆ 28 ಇಂಚಿನ ಪಿಚ್ ನಿಮಗೆ ಕಷ್ಟ. ಹಣ ಕೊಟ್ಟು ತುರ್ತು ಬಾಗಿಲಿನ ಸಾಲು ಹಿಡಿಯುವುದಾದರೆ, ಬಾಗಿಲು ತೆಗೆಯುವಷ್ಟು ಕಸುವು ನಿಮಗಿರಬೇಕು. ಎರಡು ಬಾಗಿಲ ಸಾಲುಗಳಿದ್ದರೆ ಮುಂದಿನದರ ಬೆನ್ನು ಬಾಗುವುದಿಲ್ಲ. ಕೈಚೀಲ ಮೇಲಿಡಿ, ಕಾಲಬುಡದಲ್ಲಿ ಇಟ್ಟರೆ ಪಾದ ಚಾಚಲಾಗದು. ಮುಂದಿನ ಜೇಬಿಗೆ ನೀರಿನ ಬಾಟಲಿ ತುರುಕಬೇಡಿ, ಅದೊಂದೇ ಎರಡೂವರೆ ಇಂಚು ತಿನ್ನುತ್ತದೆ. ಓಣಿ ಪಕ್ಕದ ಸೀಟು ಹಿಡಿದು ಗಂಟೆಗೊಮ್ಮೆ ಎದ್ದು ನಡೆಯಿರಿ.

ಇಷ್ಟು ಚೆನ್ನಾಗಿ ಪತ್ರ ಬರೆಯಬಲ್ಲವರು ನೀವು. ಇನ್ನೊಂದನ್ನು ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎಗೆ ಬರೆಯಿರಿ, ವಿಮಾನ ಪ್ರಯಾಣಿಕರ ದೂರಿಗೆಂದೇ ಸರ್ಕಾರ ನಡೆಸುವ ಏರ್‌ಸೇವಾ ತಾಣದಲ್ಲೂ ದಾಖಲಿಸಿ. ಕೇಳಬೇಕಾದದ್ದು ಎರಡೇ: ಸೀಟಿನ ಪಿಚ್ ಮತ್ತು ಅಗಲ ಬುಕಿಂಗ್ ಹೊತ್ತಿನಲ್ಲೇ ದರದ ಪಕ್ಕದಲ್ಲಿ ಕಾಣಬೇಕು, ಮತ್ತು ಯಾವ ಕಂಪನಿಯೂ ಇಳಿಯಲಾಗದ ಕನಿಷ್ಠ ಅಳತೆಯೊಂದನ್ನು ಅರುವತ್ತು ದಾಟಿದವರನ್ನೂ ಕೂರಿಸಿ ಪರೀಕ್ಷಿಸಿ ನಿಗದಿಮಾಡಬೇಕು.

– ಸಂ.