ಬೇಸರವೂ ಬೇಜಾರೂ ಒಂದೇ ಪದವೇ?

ಪ್ರಶ್ನೆ: ಓಣಿಯಲ್ಲೊಂದು ಸಾವಾದಾಗ ನಮ್ಮ ತಾಯಿಯವರು ಆ ಮನೆಯ ಹೆಣ್ಣುಮಗಳ ಕೈ ಹಿಡಿದು, ‘ಬ್ಯಾಸರ ಮಾಡ್ಕೋಬ್ಯಾಡವ್ವಾ’ ಎಂದರು. ಬೇಸರವೆಂದರೆ ಹೊತ್ತು ಹೋಗದಿರುವುದು, ಸಾವಿನ ಮನೆಯಲ್ಲಿ ಆ ಮಾತು ಸಲ್ಲದು ಎಂದು ಬೆಂಗಳೂರಿನಲ್ಲಿ ಓದುವ ನನ್ನ ಮಗಳು ಹೇಳುತ್ತಾಳೆ. ‘ಬೇಜಾರು’ ಎಂಬುದೇ ಸವೆದು ‘ಬೇಸರ’ ಆಗಿದೆಯೆಂದೂ ಅವಳ ವಾದ. ಯಾವುದು ಸರಿ?
– ಓದುಗರು, ಸಿಂಧನೂರು

ಉತ್ತರ: ನಿಮ್ಮ ತಾಯಿಯವರು ಆಡಿದ್ದು ಸರಿಯಾದ ಮಾತು. ಮೊದಲು ಪದದ ಮೂಲವನ್ನು ನೋಡೋಣ. ‘ಬೇಜಾರು’ ಪಾರಸಿಯ ‘ಬೇಜಾರ್’ ಎಂಬುದರಿಂದ ಬಂದದ್ದು. ಅಲ್ಲಿ ಅದಕ್ಕೆ ರೋಸಿಹೋದವನು, ಒಲ್ಲದವನು ಎಂಬ ಅರ್ಥವಿದೆ. ‘ಬೇಸರ’ವಾದರೋ ಅಚ್ಚಗನ್ನಡದ ಪದ. ಹೊರು ಎಂಬುದಕ್ಕೆ ಹೊತ್ತು, ಹೆರು ಎಂಬುದಕ್ಕೆ ಹೆತ್ತು ಎಂದಾಗುವಂತೆಯೇ ಬೇಸರು ಎಂಬ ಕ್ರಿಯಾಪದಕ್ಕೆ ‘ಬೇಸತ್ತು’ ಎಂದಾಗುತ್ತದೆ; ಹಳಗನ್ನಡದಲ್ಲಿ ಈ ಮೂರನ್ನೂ ಶಕಟರೇಫದಿಂದ, ಅಂದರೆ ‘ಱ’ಕಾರದಿಂದ, ಬರೆಯುತ್ತಿದ್ದರು. ರಾಯಚೂರು, ಬಳ್ಳಾರಿಯ ಕಡೆ ತೆಲುಗು ಬಲ್ಲವರಿಗೆ ‘ವೇಸಾರು’ ಎಂಬ ಮಾತು ಗೊತ್ತಿರುತ್ತದೆ. ಅದು ಇದೇ ಪದದ ಒಡಹುಟ್ಟು.

ಈ ಪದದ ಬೇರಿನಲ್ಲಿರುವುದು ದಣಿವು, ಸಾಕಾಗುವಿಕೆ. ನಾಟಿಗೆ ಬಗ್ಗಿದ ಹೆಣ್ಣುಮಕ್ಕಳು ‘ಬ್ಯಾಸರ ಕಳೀಲಿ’ ಎಂದು ಹಾಡು ಎತ್ತಿಕೊಳ್ಳುವಾಗ ಇರುವುದು ಆ ಹಳೆಯ ಅರ್ಥವೇ. ದಿನವೂ ಅದೇ ಪಲ್ಯವಾದರೆ ನಾವು ‘ಬ್ಯಾಸರಕಿ ಬಂತು’ ಎನ್ನುತ್ತೇವೆ. ಆದರೆ ‘ಬಂತು’ ಹೋಗಿ ‘ಆಯಿತು’ ಸೇರಿದರೆ ಮಾತಿನ ತೂಕವೇ ಬದಲಾಗುತ್ತದೆ: ‘ಅವರ ಮಾತು ಕೇಳಿ ಬ್ಯಾಸರಾತು’ ಎಂದವರಿಗೆ ಹೊತ್ತು ಹೋಗದಿರುವುದಲ್ಲ, ಮನಸ್ಸು ನೊಂದಿದೆ. ‘ಮಾಡಿಕೊ’ ಎಂಬುದು ಸೇರಿದಾಗ ಅದು ಇನ್ನೂ ಒಳಗಿಳಿಯುತ್ತದೆ. ಮದುವೆಗೆ ಖುದ್ದಾಗಿ ಕರೆಯಲಿಲ್ಲವೆಂದು ಬೀಗರು ‘ಬ್ಯಾಸರ ಮಾಡ್ಕೊಂಡಾರ’ ಎಂದರೆ, ಅದು ಸಿಟ್ಟೂ ಅಲ್ಲದ ಬರಿಯ ದುಃಖವೂ ಅಲ್ಲದ, ತಮ್ಮವರ ಮೇಲೆ ಮಾತ್ರ ಹುಟ್ಟುವ ನೋವು. ಇದನ್ನು ಇಷ್ಟು ಹದವಾಗಿ ಹೇಳುವ ಬೇರೊಂದು ಪದ ನನಗೆ ಕನ್ನಡದಲ್ಲಿ ಕಂಡಿಲ್ಲ.

ಸಾವಿನ ಮನೆಯಲ್ಲಿ ನಿಮ್ಮ ತಾಯಿಯವರು ಹೇಳಿದ್ದು, ಅಳಬೇಡ ಎಂದಲ್ಲ, ಬದುಕಿಗೆ ಬೇಸತ್ತು ಕೈಚೆಲ್ಲಬೇಡ ಎಂದು. ಹಳೆಯ ಅರ್ಥವೂ ಹೊಸ ಅರ್ಥವೂ ಅಲ್ಲಿ ಕೂಡಿವೆ.

ನಿಮ್ಮ ಮಗಳ ಮಾತಿನಲ್ಲಿಯೂ ಒಂದು ಹುರುಳಿದೆ. ಬರಹದಲ್ಲಿ ‘ಅವರ ಅಗಲಿಕೆಯಿಂದ ಬೇಸರವಾಯಿತು’ ಎಂದರೆ ಮಾತು ತೆಳುವಾಗುತ್ತದೆ. ಅಲ್ಲಿ ‘ದುಃಖವಾಯಿತು’ ಎಂದೇ ಬರೆಯಬೇಕು. ಕೈ ಹಿಡಿದು ಹೇಳುವಾಗ ದನಿ ಕೊಡುವ ತೂಕ ಕಾಗದದ ಮೇಲೆ ಪದಕ್ಕೆ ಸಿಗುವುದಿಲ್ಲ.