ಕ್ಯೂ ಅರಮನೆಯ ಕೆಂಪು ಪೇಂಟ್ ಅಲ್ಲ

ಲಂಡನ್ನಿನ ಕ್ಯೂ ಅರಮನೆಯ ಇಟ್ಟಿಗೆ ಗೋಡೆಗೆ ಪೇಂಟ್ ಬಳಿದು ಹಾಳು ಮಾಡಿದ್ದಾರಾ ಅಂತ ಕೇಳಿದ್ದೀರಿ. ಇಲ್ಲ, ಅದು ಸುಮ್ನೆ ಬಳಿದ ಪೇಂಟ್ ಅಲ್ಲ. ಸುಣ್ಣದ ನೀರಿಗೆ ಕೆಮ್ಮಣ್ಣು ಬೆರೆಸಿ ಹಚ್ಚಿದ್ದು. ಹಿಂದೆಯೂ ಮನೆ ಹಾಗೇ ಇತ್ತು. ಇಟ್ಟಿಗೆಯ ತೇವ ಆರಲು ಸುಣ್ಣ ಅಡ್ಡಿ ಮಾಡುವುದಿಲ್ಲ, ಅದೇ ಮುಖ್ಯ.

ಹೋದರೆ ಗೋಡೆಯ ಹತ್ತಿರ ನಿಂತು ನೋಡಿ. ಪ್ರತಿ ಸಾಲಿನಲ್ಲೂ ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ. ಇದು ಫ್ಲೆಮಿಶ್ ಬಾಂಡ್. 1631ರಲ್ಲಿ ವ್ಯಾಪಾರಿ ಸ್ಯಾಮ್ಯುಯೆಲ್ ಫೋರ್ಟ್ರಿ ಈ ಮನೆಯನ್ನು ಕಟ್ಟಿಸಿದಾಗ ಇಂಗ್ಲೆಂಡಿನಲ್ಲಿ ಈ ಜೋಡಣೆ ಇನ್ನೂ ಅಪರೂಪ. ಅಲಂಕಾರಕ್ಕೂ ಇಟ್ಟಿಗೆಯನ್ನೇ ಕತ್ತರಿಸಿ, ಉಜ್ಜಿ ಆಕಾರ ಕೊಟ್ಟಿದ್ದಾರೆ, ಎಂಥ ಕೈಚಳಕ ಅಲ್ವಾ! ಮುಂಬಾಗಿಲ ಮೇಲೆ ಫೋರ್ಟ್ರಿ ಮತ್ತು ಅವನ ಹೆಂಡತಿಯ ಹೆಸರಿನ ಮೊದಲ ಅಕ್ಷರಗಳು ಮತ್ತು ಇಸವಿ ಇವೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಅದೇ.